ಆಘಾತಹಾರಿಯೊಡನೆ ಒಂದು ಅಪರಾಹ್ಣ

ಆಷಾಢದ ಮಳೆ ಮೂರು ದಿನದಿಂದ ಹಿಡಿದುಕೊಂಡಿದ್ದ ಒಂದು ಅಪರಾಹ್ಣ, ಸಕಲೇಶಪುರದ ಗ್ಯಾರೇಜೊಂದರ ತಗಡಿನ ಮಾಡಿನ ಕೆಳಗೆ, ನನ್ನ ಹಳೆಯ ಮಹೀಂದ್ರಾ ಜೀಪಿನ ಹಿಂಬದಿಯಿಂದ ಆಗತಾನೆ ಬಿಚ್ಚಿ ಗೋಡೆಗೆ ಒರಗಿಸಿದ್ದ ಶಾಕ್‌ಅಬ್ಸಾರ್ಬರೊಂದನ್ನು ನಾನು ಸಂದರ್ಶಿಸಿದೆನೆಂದರೆ ಓದುಗರು ನಂಬಲಿಕ್ಕಿಲ್ಲ. ಆದರೆ ಊಟಕ್ಕೆ ಹೋದ ಮೇಸ್ತ್ರಿ ಎರಡು ತಾಸು ಕಳೆದರೂ ಹಿಂದಿರುಗದೆ, ಮಾತಿಗೆ ಮನುಷ್ಯಮಾತ್ರರಾರೂ ದೊರೆಯದ ಸ್ಥಳದಲ್ಲಿ, ಎಣ್ಣೆ ಒಸರುತ್ತ ನಿಂತ ಕಬ್ಬಿಣದ ಕೊಳವೆಯೇ ಮಾತಿಗೆ ಸಿಕ್ಕರೂ ಬಿಡುವಷ್ಟು ವಿರಕ್ತಿ ನನಗಿನ್ನೂ ಬಂದಿಲ್ಲ. ಎದುರಿನ ಬೆಂಚಿನ ಮೇಲೆ, ತೆರೆದ ರಟ್ಟಿನ ಪೆಟ್ಟಿಗೆಯಲ್ಲಿ, ಅದರ ಉತ್ತರಾಧಿಕಾರಿಯಾಗಬಂದ ವಿದೇಶದ ಶಾಕು ಪವಡಿಸಿತ್ತು: ನೀಲಿ ಮೈ, ಹೆಬ್ಬೆರಳು ಗಾತ್ರದ ಹೊಳೆಯುವ ರಾಡು, ಪಕ್ಕದಲ್ಲಿ ರಬ್ಬರು ನಳಿಗೆಯಿಂದ ಜೋಡಿಸಿದ್ದ, ಚೊಚ್ಚಲ ಮಗುವಿನಂಥ ಒಂದು ಸಣ್ಣ ಉರುಳೆ ಡಬ್ಬಿ. ನಾಲ್ಕಕ್ಕೆ ಎಷ್ಟಾದೀತೆಂದು ಕೇಳಿದಾಗ ಮೇಸ್ತ್ರಿ ಸಂಖ್ಯೆಯನ್ನು ಉಚ್ಚರಿಸದೆ, "ನಾಲ್ಕೈದು ಮೂಟೆ ಕಾಫಿ ಅಂತ ಇಟ್ಕೊಳಿ ಸ್ವಾಮಿ, ಹಳೇದರಂಥದ್ದೇ ಸಾಕು ಅಂದ್ರೆ ಅರ್ಧ ಮೂಟೆನೂ ಬೇಡ" ಎಂದು ಹೇಳಿ ಊಟಕ್ಕೆ ನಡೆದಿದ್ದನು. ನಡುವೆ ನಾನು ನಾಲ್ಕು ಮೂಟೆಯ ಧರ್ಮಸಂಕಟದಲ್ಲಿ ಕುಳಿತಿದ್ದೆ.

ಪದ್ಧತಿಯಂತೆ ಗೌರವದಿಂದಲೇ ಆರಂಭಿಸಿದೆ. "ಆಘಾತಹಾರಿಗಳೇ, ತಮ್ಮ ಸೇವಾವಧಿಯನ್ನು ಕುರಿತು ಎರಡು ಮಾತು…"

"ಮೊದಲು ಆ ಬಿರುದನ್ನು ಹಿಂತೆಗೆದುಕೊಳ್ಳಿ. ಆಘಾತವನ್ನು ಹೊರತಕ್ಕವರು ನಾವಲ್ಲ, ನಮ್ಮ ನೆರೆಮನೆಯ ಕಮಾನು ಪಟ್ಟಿಗಳು. ಚಕ್ರ ಗುಂಡಿಗೆ ಬಿದ್ದಾಗ ಪೆಟ್ಟು ತಿಂದು ಬಾಗುವವು ಅವು, ಜೀಪಿನ ಭಾರವನ್ನು ಹೊತ್ತವೂ ಅವೇ. ಆದರೆ ಬಾಗಿದ ಪಟ್ಟಿ ನೆಟ್ಟಗಾಗಿ ಸುಮ್ಮನೆ ಕೂರುವ ಜಾತಿಯದಲ್ಲವಾಗಿ, ಮೇಲಕ್ಕೆ ಹಾರಿ, ಮತ್ತೆ ಕುಗ್ಗಿ, ಮತ್ತೆ ಹಾರಿ, ತಾನಾಗಿ ಸುಸ್ತಾಗುವವರೆಗೆ ಜಾತ್ರೆಯ ಉಯ್ಯಾಲೆಯಂತೆ ತೂಗಾಡುತ್ತದೆ. ಆ ಕುಣಿತವನ್ನು ಒಂದೇ ಸಲಕ್ಕೆ ಮುಗಿಸಿ ಕೂರಿಸುವುದಷ್ಟೇ ನನ್ನ ಉದ್ಯೋಗ. ಹೊಡೆತ ಒಬ್ಬರದು, ಹೆಸರು ಇನ್ನೊಬ್ಬರದು. ತಾವೂ ಸರ್ಕಾರಿ ನೌಕರಿಯಲ್ಲಿದ್ದವರಂತೆ, ಇದು ತಮಗೆ ಹೊಸ ಸಂಗತಿಯಾಗಿರಲಾರದು."

ಈ ಕುಚೋದ್ಯವನ್ನು ಕೇಳಿಸಿಕೊಳ್ಳದವನಂತೆ, ಆ ಕುಣಿತದ ಶಕ್ತಿಯೆಲ್ಲ ಎಲ್ಲಿಗೆ ಹೋಗುವುದೆಂದು ಕೇಳಿದೆ.

"ಕಾವಾಗಿ ಹೋಗುತ್ತದೆ. ನನ್ನ ಉದರದಲ್ಲಿರುವುದು ಎಣ್ಣೆ, ಅದರ ನಡುವೆ ಕಿರುಗಂಡಿಗಳುಳ್ಳ ಪಿಸ್ಟನ್ನು. ಚಕ್ರ ಏರಿದಾಗಲೂ ಇಳಿದಾಗಲೂ ಎಣ್ಣೆ ಆ ಕಂಡಿಗಳಲ್ಲಿಯೇ ನುಸುಳಿ ಆಚೆಗೆ ಹೋಗಬೇಕಾದುದರಿಂದ, ಸಂತೆಯ ದಿನ ಒಂದೇ ಬಾಗಿಲಿನ ಬಸ್ಸಿನಿಂದ ಇಳಿಯುವ ಜನದಂತೆ ಅದು ತಡವರಿಸಿ, ತಿಕ್ಕಾಡಿ, ಬಿಸಿಯೇರುತ್ತದೆ. ಆ ಬಿಸಿಯನ್ನು ನನ್ನ ಮೈ ಹೊರಗಿನ ಗಾಳಿಗೆ ಒಪ್ಪಿಸುತ್ತದೆ. ಅಗ್ಗದವನಾದ ನನಗೂ ಅಗೋ ಆ ಶ್ರೀಮಂತನಿಗೂ ಇರುವ ಅಂತರವೆಲ್ಲ ಬಹುಮಟ್ಟಿಗೆ ಆ ಬಿಸಿಯೊಂದರಲ್ಲಿದೆ. ಮಿಕ್ಕದ್ದು ಬಣ್ಣ."

"ಮಿಕ್ಕದ್ದು ಬಣ್ಣವಲ್ಲ, ವಂಶ!" ಎಂದು ಪೆಟ್ಟಿಗೆಯೊಳಗಿಂದ ಗಂಭೀರಧ್ವನಿಯೊಂದು ಹೊರಟಿತು. ನಾನು ಅತ್ತ ತಿರುಗಿದೆ. ವಂಶವನ್ನೆತ್ತಿದವರ ಬಾಯನ್ನು ಮುಚ್ಚಿಸುವುದು ನಮ್ಮ ದೇಶದಲ್ಲಿ ಯಾರಿಂದಲೂ ಆಗಿಲ್ಲವಾದ್ದರಿಂದ ಸುಮ್ಮನೆ ಕೇಳಿದೆ. ಕುದುರೆಗಾಡಿಯಿಂದ ಮೋಟಾರಿಗೆ ಬಂದ ಹೊಸದರಲ್ಲಿ ಫ್ರಾನ್ಸಿನ ತ್ರುಫೋ ಎಂಬಾತ ಒತ್ತೊತ್ತಾಗಿ ಜೋಡಿಸಿದ ಬಿಲ್ಲೆಗಳ ಘರ್ಷಣೆಯಿಂದಲೇ ಕುಣಿತವನ್ನು ತಡೆದದ್ದು, ಹಾರ್ಟ್‌ಫರ್ಡ್ ಎಂಬಾತ ಅದನ್ನು ಅಮೆರಿಕೆಗೆ ಒಯ್ದದ್ದು, ಆಮೇಲೆ ಎಣ್ಣೆಯ ಕೊಳವೆಗಳು ಬಂದು ಯುದ್ಧಕಾಲದ ಜೀಪುಗಳಿಗೂ ಹತ್ತಿದ್ದು, ಇವೆಲ್ಲ ಪೂರ್ವಪೀಠಿಕೆ. ತನ್ನ ಮೂಲಪುರುಷನೆಂದರೆ ಫ್ರಾನ್ಸಿನವನೇ ಆದ ದ ಕಾರ್ಬೊನ್. ಒಂದೇ ಕೊಳವೆ, ಅದರೊಳಗೆ ಎಣ್ಣೆ, ಎಣ್ಣೆಯ ತುದಿಗೊಂದು ತೇಲುವ ಬಿರಡೆ, ಬಿರಡೆಯಾಚೆ ವಾತಾವರಣಕ್ಕಿಂತ ಇಪ್ಪತ್ತು ಪಟ್ಟು ಮಿಗಿಲಾದ ಒತ್ತಡದಲ್ಲಿ ಬಂಧಿಸಿಟ್ಟ ಸಾರಜನಕ ಎಂಬುದು ಅವನ ಉಪಜ್ಞೆ. 1957ರಲ್ಲಿ ಜರ್ಮನಿಯ ಬಿಲ್‌ಸ್ಟೈನ್ ಅದನ್ನು ಮರ್ಸಿಡಿಸ್ ಬೆಂಜ್ ಕಾರುಗಳಿಗೆ ಒದಗಿಸಿದಾಗ ಕುಲ ಜಗತ್ಪ್ರಸಿದ್ಧವಾಯಿತು.

"ಆ ಗೋಡೆಗೊರಗಿದವನ ಹೊಟ್ಟೆಯೊಳಗೆ ಎರಡು ಕೊಳವೆ; ಹೊರಕೊಳವೆಯಲ್ಲಿ ಎಣ್ಣೆಯೂ ಗಾಳಿಯೂ ಮಡಿಮೈಲಿಗೆಯಿಲ್ಲದೆ ಒಂದೇ ಮನೆಯಲ್ಲಿ ವಾಸ. ಆಸ್ಟ್ರೇಲಿಯಾದ ಗಿಬ್ ರಿವರ್ ರಸ್ತೆಯನ್ನು ಕೇಳಿಬಲ್ಲಿರಾ? 660 ಕಿಲೋಮೀಟರು, ಬಹುಭಾಗ ಮಣ್ಣು ಜಲ್ಲಿಯ ನೆಲ, ಈ ಮಾಡಿನ ತಗಡಿನಂತೆ ಅಲೆಯಲೆ. ಅಲ್ಲಿ ಹೇರು ತುಂಬಿದ ಗಾಡಿ ಎಂಬತ್ತರ ವೇಗದಲ್ಲಿ ಗಂಟೆಗಟ್ಟಲೆ ಓಡಿದರೆ ಇವನ ಎಣ್ಣೆ ಗಾಳಿಯೊಡನೆ ಬೆರೆತು ಕಡೆದ ಮಜ್ಜಿಗೆಯಾಗುತ್ತದೆ. ನೊರೆಯಲ್ಲಿ ಈಜುವ ಪಿಸ್ಟನ್ನು ಏನನ್ನು ತಡೆದೀತು? ನನ್ನ ಎಣ್ಣೆಯೋ, ಸಾರಜನಕದ ಒತ್ತಡದಲ್ಲಿ ನೊರೆಯೇಳುವ ಧೈರ್ಯವನ್ನೇ ಮಾಡದು. ಹೆಚ್ಚಿನ ಕಾವನ್ನು ಈ ಡಬ್ಬಿಯ ಎಣ್ಣೆ ಹಂಚಿಕೊಳ್ಳುತ್ತದೆ."

ಇದು ನಿಜವೆಂದು ನನಗೂ ತಿಳಿದಿತ್ತು, ಮನಸ್ಸು ನಾಲ್ಕು ಮೂಟೆಯ ಕಡೆಗೆ ವಾಲತೊಡಗಿತ್ತು. ಅಷ್ಟರಲ್ಲಿ ಗೋಡೆಯ ಕಡೆಯಿಂದ ಪ್ರಶ್ನೆ ಬಂದಿತು.

"ಸ್ವಾಮಿ, ರಾಜಬೀದಿಯಿಂದ ತಮ್ಮ ತೋಟದ ಗೇಟಿಗೆ ಎಷ್ಟು ದೂರ?"

"11 ಕಿಲೋಮೀಟರು."

"ಮಳೆಗಾಲದಲ್ಲಿ ಹೋಗಲು ಎಷ್ಟು ಹೊತ್ತು?"

"ಒಂದು ಗಂಟೆ."

"ಅರ್ಧದಾರಿ ಫಸ್ಟ್ ಗೇರಿನಲ್ಲಿ, ಕೆಲವೆಡೆ ಹೆಂಗಸರು ಕೊಡೆ ಹಿಡಿದು ಪಕ್ಕದಲ್ಲಿ ನಡೆದುಕೊಂಡೇ ನಮ್ಮನ್ನು ಹಿಂದೆ ಹಾಕುತ್ತಿದ್ದರು. ಎಣ್ಣೆ ಕಾಯಬೇಕಾದರೆ ಪಿಸ್ಟನ್ನು ಬಿರುಸಾಗಿ, ಎಡೆಬಿಡದೆ ಓಡಬೇಕು. ತಮ್ಮ ದಾರಿಯಲ್ಲಿ ನನ್ನ ಮೈ ಬೆಚ್ಚಗಾದದ್ದು ಬೇಸಗೆಯ ಬಿಸಿಲಿಗೆ ಮಾತ್ರ. ಅದೂ ಅಲ್ಲದೆ ತಮ್ಮ ಜೀಪಿನ ನಾಲ್ಕು ಮೂಲೆಗೂ ಕಮಾನು ಪಟ್ಟಿ. ಒಂದರ ಮೇಲೊಂದು ಉಜ್ಜಿಕೊಂಡೇ ಆ ಎಲೆಗಳು ಅರ್ಧ ಕುಣಿತವನ್ನು ತಾವೇ ಮುಗಿಸಿಬಿಡುತ್ತವೆ. ನಾನು ಸತ್ತದ್ದು ಬಿಸಿಯಿಂದಲ್ಲ."

"ಮತ್ತೆ?"

ಇಲ್ಲಿ ಸಂದರ್ಶನ ತಿರುಗಿ, ಪ್ರಶ್ನೆ ಕೇಳುವವನೇ ಕಟಕಟೆಯಲ್ಲಿ ನಿಲ್ಲಬೇಕಾಯಿತು. ಎರಡು ವರ್ಷದ ಹಿಂದೆ, ಜೀಪು ಇನ್ನಷ್ಟು ಗತ್ತಿನಿಂದ ನಿಲ್ಲಲೆಂಬ ಒಂದೇ ಆಶೆಯಿಂದ, ನಾನು ಪಟ್ಟಿಗಳನ್ನು ಬದಲಿಸಿ ಅದನ್ನು ಎರಡು ಅಂಗುಲ ಎತ್ತರಿಸಿದ್ದೆ. ಶಾಕುಗಳನ್ನು ಮಾತ್ರ, ಹಳೆಯವು ಚೆನ್ನಾಗಿಯೇ ಇವೆಯಲ್ಲ ಎಂಬ ಜಿಪುಣತನದಿಂದ, ಹಾಗೆಯೇ ಬಿಟ್ಟಿದ್ದೆ. ಆದ್ದರಿಂದ ಒಂದು ಚಕ್ರ ಕಲ್ಲನ್ನೇರಿ ಇನ್ನೊಂದು ಹಳ್ಳಕ್ಕೆ ಇಳಿದಾಗಲೆಲ್ಲ, ಈ ಗಿಡ್ಡ ಕೊಳವೆ ತನ್ನ ಉದ್ದದ ಕೊನೆ ಮುಟ್ಟಿ, ಶಾಕೆಂಬ ಪದವಿಯಿಂದ ಇಳಿದು, ಇಡೀ ಅಚ್ಚನ್ನು ತೂಗುಹಾಕಿಕೊಂಡ ಬಾವಿಹಗ್ಗವಾಗುತ್ತಿತ್ತು. ರಾಡು ಸೀಲಿನ ಬಾಯಿಗೆ ಬಡಿದು ಬಡಿದು ಸಡಿಲವಾಯಿತು. ಸಡಿಲಾದ ಬಾಯೊಳಗೆ ಒಣಗಿದ ಕೆಸರು ಅರದಂತೆ ಉಜ್ಜಿತು. ಎಣ್ಣೆ ಒಸರಿತು, ಒಸರಿದ್ದರ ಮೇಲೆ ಕೆಮ್ಮಣ್ಣು ಕೂತು ಗಾರೆಯಾಯಿತು. ನಾನು ಬಗ್ಗಿ ನೋಡಿದೆ. ಮೇಲಿನ ಬುಷ್ಷಿನ ರಬ್ಬರು ಒಡೆದ ಹಿಮ್ಮಡಿಯಂತೆ ಬಿರಿದಿತ್ತು. ರಾಡನ್ನು ಹಿಡಿದು ಒತ್ತಿದರೆ ಅರ್ಧದವರೆಗೆ ಯಾವ ತಡೆಯೂ ಇಲ್ಲದೆ ಹೋಗಿ, ಆಮೇಲೆ ಖಾಲಿ ಕೊಡದೊಳಗೆ ತಂಬಿಗೆ ಬಿದ್ದಂತೆ ಚೊಳಕ್ ಎಂದಿತು.

"ಅವನನ್ನು ಹಾಕಿಸಿದ್ದರೂ, ಉದ್ದ ನೋಡದೆ ಹಾಕಿಸಿದ್ದರೆ, ಇದೇ ಗತಿ," ಎಂದಿತು ಹಳೆಯದು. "ಶವಯಾತ್ರೆ ಮಾತ್ರ ಸ್ವಲ್ಪ ವೈಭವದಿಂದ ನಡೆಯುತ್ತಿತ್ತು. ನನ್ನ ಹೊಟ್ಟೆಯ ಮೇಲೆ ಈ ನೆಗ್ಗು ನೋಡಿದಿರಾ? ಹೊಳೆ ದಾಟುವಾಗ ಗುಂಡುಕಲ್ಲು ಹೊಡೆದದ್ದು. ನನಗಿರುವುದು ಎರಡು ಕೊಳವೆಯಾದುದರಿಂದ, ಹೊರಗಿನದು ತಗ್ಗಿದರೂ ಒಳಗಿನ ಪಿಸ್ಟನ್ನು ಓಡುತ್ತಲೇ ಇತ್ತು. ಅವನ ಪಿಸ್ಟನ್ನು ಹೊರಗೋಡೆಯನ್ನೇ ಸವರಿಕೊಂಡು ಓಡತಕ್ಕದ್ದು. ಇಂಥ ಒಂದು ನೆಗ್ಗು ಬಿದ್ದರೆ ಅಲ್ಲಿಗೇ ಸಿಕ್ಕಿ ನಿಂತೀತು."

ಶ್ರೀಮಂತ ಶಾಕು ಇದಕ್ಕೆ ಪ್ರತಿಯಾಡಲಿಲ್ಲ. ತನ್ನನ್ನು ಬಿಚ್ಚಿ, ಸೀಲನ್ನೂ ಎಣ್ಣೆಯನ್ನೂ ಹೊಸದಾಗಿ ತುಂಬಿ ಮತ್ತೆ ಹತ್ತು ವರ್ಷ ದುಡಿಸಿಕೊಳ್ಳಬಹುದೆಂದೂ, ಮುದುಕನನ್ನಾದರೋ ಗುಜರಿಯವನ ತಕ್ಕಡಿಗೇ ಹಾಕಬೇಕೆಂದೂ ಹೇಳಿತು. ಸಾರಜನಕ ತುಂಬಿಕೊಡುವವರು ಸಕಲೇಶಪುರದಲ್ಲಿ ಯಾರಿದ್ದಾರೆಂದು ಕೇಳಿದಾಗ, ಬೆಂಗಳೂರಿಗೆ ಕಳುಹಬೇಕಾದೀತೆಂದು ಒಪ್ಪಿತು. ತಮ್ಮ ಬಂಧುವರ್ಗ ಈಗ ಎಲ್ಲೆಲ್ಲಿ ಸೇವೆಯಲ್ಲಿದೆಯೆಂದು ಲೋಕಾಭಿರಾಮವಾಗಿ ವಿಚಾರಿಸಿದೆ.

"ಕೆಲವರು ಮರಳುಗಾಡಿನ ರ‍್ಯಾಲಿಗಳಲ್ಲಿ," ಎಂದು ಸ್ವರ ತಗ್ಗಿಸಿತು. "ಹೆಚ್ಚಿನವರು ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲಿ. ಭಾನುವಾರ ಬೆಳಗ್ಗೆ ನಂದಿಬೆಟ್ಟದ ಕಡೆಗೆ ಇಡ್ಲಿ ತಿನ್ನಲು ಹೋಗಿಬರುತ್ತಾರೆ. ನನ್ನ ಅಣ್ಣನೊಬ್ಬ ಈ ತನಕ ಎದುರಿಸಿದ ಅತ್ಯಂತ ದುರ್ಗಮ ಪ್ರದೇಶವೆಂದರೆ ಅಪಾರ್ಟ್‌ಮೆಂಟಿನ ಗೇಟಿನ ಮುಂದಿನ ಹಂಪು. ಡಬ್ಬಿಯ ನೀಲಿ ಕಾಣಲೆಂದು ಯಜಮಾನರು ಚಕ್ರದ ಬಳಿ ಕುಕ್ಕರುಗಾಲಿನಲ್ಲಿ ಕುಳಿತು ಫೋಟೋ ತೆಗೆಸಿಕೊಂಡಿದ್ದಾರೆ."

ನನಗೆ ಅದರ ಮೇಲೆ ಕರುಣೆಯುಂಟಾಯಿತು. ಆದರೂ ನ್ಯಾಯವಾಗಿ ಹೇಳಬೇಕಾದರೆ, ಅಗ್ಗದ ಕುಲದಲ್ಲಿಯೂ ಎಲ್ಲರೂ ಈ ಮುದುಕನಂಥ ಸಾಧುಗಳಲ್ಲ. ಹೊಸ ಬಣ್ಣ ಬಳಿದ ಹಳೆಯ ಹೆಣಗಳೂ ಹೊಸದರ ಬೆಲೆಗೆ ಮಾರಾಟವಾಗುವುದುಂಟು. ಆದ್ದರಿಂದ ಅಂಗಡಿಯಲ್ಲಿಯೇ ಜೋಡಿಯನ್ನು ನೆಟ್ಟಗೆ ನಿಲ್ಲಿಸಿ, ಸಿಕ್ಕಿಕೊಂಡ ಗಾಳಿ ಹೋಗುವವರೆಗೆ ನಾಲ್ಕಾರು ಸಲ ಎಳೆದು ಒತ್ತಿ, ಎರಡೂ ಕೈಗೆ ಒಂದೇ ಬಗೆಯ ತಡೆ ತೋರುವುದೇ ಎಂದು ನೋಡದೆ ಹಣ ಕೊಡಬಾರದೆಂಬ ಬುದ್ಧಿ, ಎರಡು ಜೋಡಿ ಕಳೆದುಕೊಂಡ ಮೇಲೆ, ನನಗೂ ಬಂದಿದೆ.

ಅಷ್ಟರಲ್ಲಿ ಮೇಸ್ತ್ರಿ ಬಂದನು. ಎರಡು ಅಂಗುಲ ಹೆಚ್ಚು ಉದ್ದದ, ಸಾಧಾರಣ ದರ್ಜೆಯ ಜೋಡಿಗಳನ್ನೇ ಹಾಕೆಂದು, ಒಂದಿಷ್ಟು ಸಂಕೋಚದಿಂದ, ತಿಳಿಸಿದೆ. ದುಬಾರಿಯದರ ಬೆಲೆ ಕೇಳಿದವನೇ ಹಿಂದೆಗೆದಾಗ ಆಗುವ ಸಂಕೋಚ ಅದು. ಅವನು ತಲೆದೂಗಿ, ಜ್ಯಾಕು ತರಲು ಹೋದವನು ಹಿಂದಿನ ಚಕ್ರದ ಬಳಿ ನಿಂತು, ಬೆರಳ ಗೆಣ್ಣಿನಿಂದ ಟೈರನ್ನು ತಟ್ಟಿದನು. ತೆಂಗಿನಕಾಯಿ ತಟ್ಟಿದಂತೆ ಕೇಳಿಸಿತು. ಜೇಬಿನಿಂದ ಮೀಟರು ತೆಗೆದು ಒತ್ತಿದನು. ಮುಳ್ಳು 42ರ ಹತ್ತಿರ ನಿಂತಿತು.

"ಗಾಳಿ ಯಾರು ಸ್ವಾಮಿ ಹೊಡೆದದ್ದು?"

"ನಾನೇ. ಮೈಲೇಜು ಜಾಸ್ತಿ ಬರಲಿ ಎಂದು."

ಅವನು ಏನೂ ಹೇಳದೆ ಕುಕ್ಕರಿಸಿ, ವಾಲ್ವಿನ ಬಾಯಿಗೆ ಮೊಳೆಯೊಂದನ್ನು ಒತ್ತಿ ಹಿಡಿದನು. ಮಳೆಯ ಸದ್ದಿನ ನಡುವೆ ಗಾಳಿ ಬಹಳ ಹೊತ್ತು ಬುಸುಗುಟ್ಟುತ್ತ ಹೊರಟಿತು. ಹುಡುಗ ಚಹ ತಂದು, ಇಡಲು ಬೇರೆ ಜಾಗ ಕಾಣದೆ, ಪೆಟ್ಟಿಗೆಯ ಮುಚ್ಚಳ ಮುಚ್ಚಿ ಅದರ ಮೇಲೆ ಲೋಟವಿಟ್ಟನು.