ಹರಿಗೋಲು ಮೀಮಾಂಸೆ: ಮುಕ್ಕುಂದ ಖಂಡ

ವಿಷಯ: ಸಿಂಧನೂರು ತಾಲ್ಲೂಕಿನ ಮುಕ್ಕುಂದದ ದಡದಿಂದ ತುಂಗಭದ್ರೆಯ ಆಚೆ ದಡಕ್ಕೆ, ಎಂದರೆ ರಾಯಚೂರು ಜಿಲ್ಲೆಯಿಂದ ಬಳ್ಳಾರಿ ಜಿಲ್ಲೆಗೆ, ಹರಿಗೋಲಿನಲ್ಲಿ ದಾಟುವುದನ್ನು ಜಲಸಾಹಸವೆಂದು ಒಪ್ಪಬಹುದೋ?

ಪೂರ್ವಪಕ್ಷ: ಒಪ್ಪಲಾಗದು ಎಂಬುದು ದಾಂಡೇಲಿ ಸಂಪ್ರದಾಯದ ಪಂಡಿತರ ವಾದ. ಕಾಳಿ ನದಿಯಲ್ಲಿ ರಬ್ಬರ್ ದೋಣಿ ಹತ್ತಿ, ಹೆಲ್ಮೆಟ್ಟು ಧರಿಸಿ, ದುಡ್ಡು ಕೊಟ್ಟು ಹೊಳೆನೀರು ಕುಡಿದರೆ ಮಾತ್ರ ಸಾಹಸ. ನೊರೆನೀರಿಗೆ ಒಂದರಿಂದ ಆರರವರೆಗೆ ಅಂತರರಾಷ್ಟ್ರೀಯ ದರ್ಜೆಗಳಿವೆ. ಹರಿಗೋಲಿಗೆ ದರ್ಜೆಯೇ ಇಲ್ಲ.

ಸಿದ್ಧಾಂತ: ಈ ವಾದ ನಿಲ್ಲದು. ಪ್ರಮಾಣ, ಸುಮಾರು 1520ರಲ್ಲಿ ವಿಜಯನಗರ ಕಂಡ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯಸ್. ಬುಟ್ಟಿಯಂತೆ ದುಂಡಗಿನ ದೋಣಿ, ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದಿಪ್ಪತ್ತು ಜನ ಹಿಡಿಸುತ್ತಾರೆ, ನೆಟ್ಟಗೆ ಹೋಗದೆ ಸುತ್ತುತ್ತಲೇ ಇರುತ್ತದೆ ಎಂದು ಆತ ಬರೆದಿಟ್ಟಿದ್ದಾನೆ. ಆಮೇಲೆ ತೊಗಲು ಹೋಗಿ ಡಾಂಬರು ಬಂತು. ಸುತ್ತುವುದು ನಿಂತಿಲ್ಲ.

ದರ್ಜೆಗಳನ್ನು ಇಲ್ಲಿ ವಿಧಿಸಲಾಗಿದೆ. ಒಂದು: ಅಂಬಿಗನೊಬ್ಬನೇ. ಎರಡು: ಜೊತೆಗೆ ಯೂರಿಯಾ ಚೀಲ. ಮೂರು: ಬೈಕು. ನಾಲ್ಕು: ಬೈಕಿನ ಮೇಲಿಂದ ಇಳಿಯಲೊಪ್ಪದ ಮಾಲೀಕ. ಐದು: ಹಗ್ಗ ಬಿಚ್ಚಿಕೊಂಡ ಹೋತ. ಆರು: ನಡುಹೊಳೆಯಲ್ಲಿ ಸೆಲ್ಫಿಗೆಂದು ಎದ್ದು ನಿಂತ ಬೀಗರ ಹುಡುಗ. ಆರನೆಯದಕ್ಕೆ ಅಂಬಿಗನ ಸೂತ್ರ: "ಕುಂದ್ರೋ ತಮ್ಮಾ, ನೀ ನಿಂತ್ರ ನಾವೆಲ್ಲಾ ಮಲಗ್ತೀವಿ." ಭಾಷ್ಯ ಅನಗತ್ಯ.

ಆಕ್ಷೇಪ: ಕೊರಕಲಿಲ್ಲ, ಕಡಿದಾದ ಇಳಿಜಾರಿಲ್ಲ, ಇಲ್ಲಿಗೆ ನೊರೆ ಎಲ್ಲಿಂದ ಬಂದೀತು?

ಸಮಾಧಾನ: ಹೊಸಪೇಟೆಯಿಂದ. ಅಲ್ಲಿನ ಅಣೆಕಟ್ಟೆಗೆ 33 ಗೇಟು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ಕಡಿದು ಗೇಟೇ ಕೊಚ್ಚಿಹೋಯಿತು. ಭಾರ ಇಳಿಸಲು ಮಿಕ್ಕ ಗೇಟುಗಳನ್ನೂ ಎತ್ತಬೇಕಾಯಿತು. ಅಂಥ ಹೊಳೆಗೆ ದರ್ಜೆ ಕೊಡಲು ಆರಂಕಿ ಸಾಲದು. ಕಾಳಿಯ ನೊರೆಯಾದರೂ ಸೂಪಾ ಅಣೆಕಟ್ಟೆಯಿಂದ ನೀರು ಬಿಟ್ಟರಷ್ಟೇ ಉಂಟು. ಹಾಗಾಗಿ ಎರಡೂ ಸಂಪ್ರದಾಯಗಳ ಪರಮಗುರು ಗೇಟು ಎತ್ತಿಸುವ ಇಂಜಿನಿಯರರೇ.

ನಿರ್ಣಯ: ದಾಂಡೇಲಿಯವರು ಹೊಳೆಗುಂಟ ಹೋಗುತ್ತಾರೆ, ನಮ್ಮವರು ಹೊಳೆಗೆ ಅಡ್ಡ ಹೋಗುತ್ತಾರೆ. ಅವರ ದೋಣಿ ಮಗುಚಿದರೆ ಊರಲ್ಲಿ ಹೇಳಲೊಂದು ಕಥೆ. ನಮ್ಮದು ಮಗುಚಿದರೆ ಗೊಬ್ಬರದಂಗಡಿಯ ಉದ್ರಿ. ಸಾಹಸದಲ್ಲಿ ನಾವೇ ಮೇಲು ಎಂಬುದು ಸಿದ್ಧವಾಯಿತು. ಆದರೂ ಅವರಿಂದ ಕಲಿಯಬೇಕಾದದ್ದು ಒಂದಿದೆ: ಲೈಫ್ ಜಾಕೆಟ್. ಅದನ್ನು ತೊಟ್ಟೇ ಹರಿಗೋಲು ಹತ್ತಿ. ಗೇಟು ಎತ್ತಿದ ಸುದ್ದಿ ಬಂದ ದಿನ ಮಾತ್ರ ಜಾಕೆಟ್ಟನ್ನೂ ನಂಬಬೇಡಿ, ರಸ್ತೆ ಹಿಡಿದು ಸುತ್ತಿ ಹೋಗಿ.