ಹಸಿವಿಗೊಂದು ಅಲಾರಂ

ಕುಬಟೂರಿನ ನಮ್ಮ ಚಿಕ್ಕಪ್ಪ ಊಟಕ್ಕೆ ಕೂತರೆ ಬಡಿಸುವವರೇ ಸುಸ್ತಾಗುತ್ತಿದ್ದರು. ತೂಕ ಇಳಿಸಲು ಸ್ಲೀವ್ ಆಪರೇಷನ್ ಮಾಡಿಸಿಕೊಂಡ ಮೇಲೆ, ಅದೇ ಮನುಷ್ಯನಿಗೆ ಉಣ್ಣಲು ಮೊಬೈಲು ಅಲಾರಂ ಬೇಕು! ಜಠರದ ಮುಕ್ಕಾಲು ಪಾಲಿನ ಜೊತೆ ಹಸಿವೆಬ್ಬಿಸುವ ಗ್ರೆಲಿನ್ ಹಾರ್ಮೋನೂ ಬಹುಪಾಲು ಹೋಯಿತಲ್ಲ. ನೀರಂತೂ ದಿನಕ್ಕೆ ಒಂದೂವರೆ ಲೀಟರು, ಗುಟುಕು ಗುಟುಕಾಗಿ; ಅದಕ್ಕೂ ಅಲಾರಂ. ಊಟದ ಜೊತೆ ಮಾತ್ರ ಕೂಡದು.

ಒಮ್ಮೆ ಊರಿನ, ಸುಮಾರು 1100ನೇ ಇಸವಿಯ ಕೈಟಭೇಶ್ವರ ಗುಡಿಯಲ್ಲಿ, ಕಡೆದ ಕಂಬಗಳ ನಡುವೆ ಎಲ್ಲರೂ ಕೈಮುಗಿದು ನಿಂತಾಗ ಜೇಬು 'ಟ್ರಿಣ್' ಅಂತು. ಚಿಕ್ಕಪ್ಪ ಭಕ್ತಿಯಿಂದ ಬಾಟಲಿ ತೆಗೆದು ಒಂದು ಗುಟುಕು ಕುಡಿದರು. ಪಕ್ಕದ ಅಜ್ಜಿ ತೀರ್ಥವೆಂದು ಕೈಯೊಡ್ಡಿದರು!

ಮದುವೆಮನೆಯಲ್ಲಿ ಹೋಳಿಗೆ ಹಿಡಿದು ಬಂದವನಿಗೆ ಮಾತ್ರ ಒಂದೇ ಮಾತು: "ಬರೀ ತೊವ್ವೆ ಹಾಕೋ ಮಾರಾಯ. ಮನೆಯವಳಿಗೆ ಪ್ರೋಟೀನು ಲೆಕ್ಕ ಒಪ್ಪಿಸ್ಬೇಕು."