ಬಫರಣ್ಣ

ಬೆಂಗಳೂರಿನಲ್ಲಿ ಮಲಗುವ ಕೋಣೆಯನ್ನೇ ಸ್ಟುಡಿಯೋ ಮಾಡಿಕೊಂಡವರ ಬಳಗಕ್ಕೊಬ್ಬ ಬಫರಣ್ಣ ಇದ್ದೇ ಇರುತ್ತಾನೆ. ಅಪ್ಪ-ಅಮ್ಮ ಇಟ್ಟ ಹೆಸರು ಬೇರೆ. ಅದು ಅವನ ಆಧಾರ್ ಕಾರ್ಡಿಗಷ್ಟೇ ಗೊತ್ತು. ಸ್ಯಾಂಪ್ಲರ್‌ನಲ್ಲಿ ಪಿಯಾನೋ ನುಡಿಸುವಾಗ ನಡುವೆ 'ಟಿಕ್' ಅಂದರೆ ಸಾಕು, ಅವನಿಗೆ ಫೋನು ಹೋಗುತ್ತದೆ. ಟಿಕ್ಕನ್ನು ಕೇಳಿಸಿಕೊಳ್ಳುವ ವ್ಯವಧಾನ ಅವನಿಗಿಲ್ಲ. "ಬಫರ್ ಎಷ್ಟಿಟ್ಟಿದೀಯ? 128ಆ? ಅದೇ ನೋಡು! 1024 ಮಾಡು."

ಹೇಳುವುದು ಸುಳ್ಳೇನಲ್ಲ. ಸೆಕೆಂಡಿಗೆ 44,100 ಸ್ಯಾಂಪಲ್‌ನ ಲೆಕ್ಕದಲ್ಲಿ 128 ಸ್ಯಾಂಪಲ್‌ಗಳ ಬಫರ್ ಎಂದರೆ ಕಂಪ್ಯೂಟರಿಗೆ ಸಿಗುವ ಗಡುವು ಸುಮಾರು 2.9 ಮಿಲಿಸೆಕೆಂಡ್. ಅಷ್ಟರೊಳಗೆ ಮುಂದಿನ ಕಂತು ಸಿದ್ಧವಾಗದಿದ್ದರೆ ದನಿ ತುಂಡಾಗುತ್ತದೆ. 1024ಕ್ಕೆ ಏರಿಸಿದರೆ ಗಡುವು 23 ಮಿಲಿಸೆಕೆಂಡ್. ಕಂಪ್ಯೂಟರಿಗೆ ಬಿಡುವು ಸಿಗುತ್ತದೆ, ನುಡಿಸುವವನಿಗೆ ಮಾತ್ರ ಬೆರಳು ಮುಂದೆ, ದನಿ ಹಿಂದೆ.

ಒಮ್ಮೆ ತಂಬೂರಿ ಲೂಪ್ ಮಾಡಿಕೊಂಡವರೊಬ್ಬರ ಮನೆಗೆ ಬಫರಣ್ಣನ ಸವಾರಿ ಹೋಯಿತು. ಲೂಪ್ ಸುತ್ತು ಮುಗಿಸಿದಾಗಲೆಲ್ಲ ಗಡಿಯಾರ ಇಟ್ಟ ಹಾಗೆ ಟಿಕ್. ಬಫರ್ 1024. ಟಿಕ್. 2048. ಟಿಕ್. ವೈಫೈ ಆರಿಸಿದ. (ಕೆಲವು ವೈಫೈ ಡ್ರೈವರ್‌ಗಳು ಆಡಿಯೋಗೆ ಅಡ್ಡ ಬರುವುದು ನಿಜವೇ, ಪಾಪ.) ಅಸಿಯೋ ಡ್ರೈವರ್ ಬದಲಿಸಿದ. ಸ್ಯಾಂಪಲ್‌ಗಳನ್ನೆಲ್ಲ ಹಳೇ ಹಾರ್ಡ್‌ಡಿಸ್ಕಿನಿಂದ ಎಸ್‌ಎಸ್‌ಡಿಗೆ ಸಾಗಿಸಿದ. ಕೊನೆಗೆ ಅಡುಗೆಮನೆಯ ಮಿಕ್ಸಿಯ ಮೇಲೆ ಅನುಮಾನ ಬಂತು. ಚಟ್ನಿ ಅರ್ಧಕ್ಕೇ ನಿಂತಿತು, ಟಿಕ್ ನಿಲ್ಲಲಿಲ್ಲ.

ಮಿಕ್ಸಿ ಬಿಟ್ಟು ಬಂದ ಮನೆಯಾಕೆ ಗಂಡನನ್ನು ಕೇಳಿದರು: "ಅಲ್ಲಾರೀ, ನಿನ್ನೆ ಎಕ್ಸ್‌ಪೋರ್ಟ್ ಮಾಡಿ ನನ್ನ ವಾಟ್ಸಾಪಿಗೆ ಕಳಿಸಿದ್ರಲ್ಲ, ಆ ಫೈಲಲ್ಲೂ ಟಿಕ್ ಅಂತಿತ್ತಲ್ಲ?"

ಕೇಸು ಮುಗಿದದ್ದು ಅಲ್ಲೇ. ಎಕ್ಸ್‌ಪೋರ್ಟ್‌ಗೆ ಗಡುವಿಲ್ಲ, ಕಂಪ್ಯೂಟರ್ ತನ್ನ ಪಾಡಿಗೆ ಲೆಕ್ಕ ಹಾಕಿ ಬರೆಯುತ್ತದೆ. ಅದರಲ್ಲೂ ಅದೇ ಜಾಗದಲ್ಲಿ ಟಿಕ್ ಇದ್ದರೆ ಬಫರ್ ನಿರಪರಾಧಿ. ದೊಡ್ಡದು ಮಾಡಿ ನೋಡಿದರೆ, ಲೂಪ್ ಮುಗಿಯುವಲ್ಲಿ ಅಲೆ ಸೊನ್ನೆಯ ಗೆರೆಗಿಂತ ಮೇಲಿತ್ತು, ಶುರುವಾಗುವಲ್ಲಿ ಕೆಳಗಿತ್ತು. ಆ ಹಾರಿಕೆಯೇ ಟಿಕ್. ತುದಿಗಳಿಗೆ ಸಣ್ಣದೊಂದು ಕ್ರಾಸ್‌ಫೇಡ್ ಹಾಕಿದ್ದೇ ತಂಬೂರಿ ತಣ್ಣಗೆ ನುಡಿಯಿತು.

ಬಫರಣ್ಣನ ಪಟ್ಟಿಯಲ್ಲಿಲ್ಲದ ಟಿಕ್‌ಗಳು ಇನ್ನೂ ಇವೆ. ಪಿಯಾನೋದವರು ಪೆಡಲ್ ಒತ್ತಿಯೇ ಇದ್ದರೆ ಹಳೇ ಸ್ವರಗಳು ಜಮಾಯಿಸುತ್ತವೆ. ಒಟ್ಟಿಗೆ ನುಡಿಯಬಲ್ಲ ದನಿಗಳ ಮಿತಿ, ಅಂದರೆ ವಾಯ್ಸ್ ಮಿತಿ, 32 ಎಂದಿದ್ದರೆ 33ನೆಯದಕ್ಕೆ ಜಾಗ ಮಾಡಲು ಸ್ಯಾಂಪ್ಲರ್ ಹಳೆಯದೊಂದರ ಕತ್ತು ಹಿಸುಕುತ್ತದೆ. ದನಿ ಆರಲು ಕೊಡುವ ಸಮಯವನ್ನು, ಅಂದರೆ ರಿಲೀಸನ್ನು, ಸೊನ್ನೆಗಿಟ್ಟವರಿಗೆ ಬೆರಳೆತ್ತಿದಾಗ ಟಿಕ್. ಅದಕ್ಕೆ ಕೆಲವೇ ಮಿಲಿಸೆಕೆಂಡ್ ಕೊಟ್ಟರೆ ಸಾಕು.

ಸೋಲೊಪ್ಪುವುದು ಬಫರಣ್ಣನ ಜಾಯಮಾನವಲ್ಲ. "ನಾನು ಬಫರ್ ಏರಿಸಿದ್ದಕ್ಕೇ ನಿಮ್ಮ ಕ್ರಾಸ್‌ಫೇಡ್ ಕಚ್ಚಿಕೊಂಡಿದ್ದು" ಎಂದು ಕಾಫಿ ಮುಗಿಸಿ ಹೊರಟ. ಅವನನ್ನು ಕರೆಯಬಾರದೆಂದಲ್ಲ, ಫೀಸಿಲ್ಲದೆ ಬರುವ ಮನುಷ್ಯ. ಕರೆಯುವ ಮುನ್ನ ಎಕ್ಸ್‌ಪೋರ್ಟ್ ಆದ ಫೈಲನ್ನೊಮ್ಮೆ ಕೇಳಿ, ಚಟ್ನಿಯನ್ನೂ ಅರೆದಿಟ್ಟುಬಿಡಿ.